ಮುತ್ಯಾನ ಕೈ ಮತ್ತು ಪಾತರಗಿತ್ತಿ ಗಿಡ

ನಮ್ಮ ಮಾವ ಮಲ್ಲಯ್ಯನವರ ಕೈಗಳನ್ನು ನಾನು ಸರಿಯಾಗಿ ನೋಡಿದ್ದು ಮದುವೆಯಾಗಿ ಬಹಳ ದಿನಗಳಾದ ಮೇಲೆ. ನಿಂತರೂ ನಡೆದರೂ ಅವು ಬೆನ್ನ ಹಿಂದೆಯೇ ಇರುತ್ತಿದ್ದವು, ಒಂದನ್ನೊಂದು ಹಿಡಿದುಕೊಂಡು. ವಯಸ್ಸಾದವರ ರೂಢಿ ಇರಬೇಕು ಅಂದುಕೊಂಡಿದ್ದೆ.

ಮೈತ್ರಿ ಹುಟ್ಟಿದಾಗ ಆಸ್ಪತ್ರೆಯಲ್ಲಿ ಕೂಸು ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗುತ್ತಿತ್ತು. ನಮ್ಮತ್ತೆ ಸೂಗಮ್ಮ ಅದನ್ನು ಮಾವನ ಮುಂದೆ ಹಿಡಿದರು. ಅವರು ಬಗ್ಗಿ ಮುಖ ನೋಡಿದರು, ಮೂಗು ನಮ್ಮವ್ವಂದು ಅಂದರು, ಕಣ್ಣು ಒರೆಸಿಕೊಳ್ಳಲು ಹೆಗಲು ಎತ್ತಿದರು. ಕೈ ಮಾತ್ರ ಬೆನ್ನ ಹಿಂದಿನಿಂದ ಈಚೆ ಬರಲಿಲ್ಲ. ಹೆಣ್ಣಾಯಿತೆಂದು ಬೇಸರವೇನೋ ಎಂದು ನಾನು ಗೋಡೆಯ ಕಡೆ ಹೊರಳಿ ಮಲಗಿದೆ.

ಬಾಣಂತನಕ್ಕೆ ತವರೂರು ಗಿಲ್ಲೆಸುಗೂರಿಗೆ ಹೋದೆ. ಮಾವ ಬಸ್ ಹತ್ತಿ ಮೇಲಿಂದ ಮೇಲೆ ಬರುತ್ತಿದ್ದರು. ತೊಟ್ಟಿಲ ಹಗ್ಗಕ್ಕೆ ಇನ್ನೊಂದು ಉದ್ದನೆಯ ಹಗ್ಗ ಗಂಟು ಹಾಕಿ, ಅದರ ತುದಿ ಹಿಡಿದು ಬಾಗಿಲಾಚೆ ಕೂತು ತೂಗುತ್ತಿದ್ದರು. ಮೊಮ್ಮಗಳ ಮೇಲೆ ಬೇಸರ ಇದ್ದವರು ಹಾಗೆ ಕೂಡುವುದಿಲ್ಲ. ಆಗ ಒಮ್ಮೆ ಅವರ ಜೊತೆ ಬಂದಿದ್ದ ಅತ್ತೆಯನ್ನು ಕೇಳಿದೆ. ಅವರು ಕೂಸಿನ ಕಾಲಿಗೆ ಎಣ್ಣೆ ತಿಕ್ಕುತ್ತ ಹೇಳಿದರು.

ಮಾವ ಮಾನ್ವಿ ತಾಲ್ಲೂಕಿನ ಮಲ್ಲಟದವರು. ಸ್ವಂತ ಹೊಲ ಇಲ್ಲ. ಊರವರ ಹತ್ತಿಗೆ ಹುಳದ ಔಷಧಿ ಹೊಡೆಯುವುದೇ ಅವರ ಕಸುಬು. ನಮ್ಮ ಕಡೆ ಆ ವಿಷವನ್ನು ಯಾರೂ ವಿಷ ಅನ್ನುವುದಿಲ್ಲ, ಎಣ್ಣಿ ಅನ್ನುತ್ತಾರೆ. ಎಣ್ಣಿ ಹೊಡೆಯೋ ಮಲ್ಲಯ್ಯ ಅಂದರೆ ದೇವದುರ್ಗದ ಕಡೆಯ ಹೊಲದವರೂ ಹೇಳಿ ಕಳಿಸುತ್ತಿದ್ದರು. ಒಂದು ಚಿಟಿಕೆ ಮಣ್ಣು ಮೇಲೆ ತೂರಿ ಗಾಳಿ ನೋಡುವುದು, ಸಾಲು ಹಿಡಿದು ನಡೆಯುವುದು, ಮರುದಿನ ಯಾರೂ ಕರೆಯದಿದ್ದರೂ ಹೋಗಿ ಎಲೆಯ ಹಿಂಬದಿ ತಿರುವಿ ಹುಳ ಬಿದ್ದಿವೆಯೋ ಇಲ್ಲವೋ ನೋಡಿ ಬರುವುದು. ಕೈಗೆ ಗವಸಿಲ್ಲ, ಬಾಯಿಗೆ ಬಟ್ಟೆಯಿಲ್ಲ. ಕೋಲು ಸಿಗದಿದ್ದರೆ ಬಕೆಟ್ಟಿನಲ್ಲಿ ಕೈಯಿಂದಲೇ ಎಣ್ಣಿ ಕಲಸಿದ್ದೂ ಉಂಟು.

ನನ್ನ ಗಂಡ ಆನಂದ ಶಾಲೆಗೆ ಹೋಗುತ್ತಿದ್ದ ಕಾಲಕ್ಕೆ ಮನೆಯಲ್ಲಿ ಒಂದು ಆಡಿನ ಮರಿ ಇತ್ತಂತೆ. ಮಾವ ಹೊಲದಿಂದ ಬಂದು ಕಟ್ಟೆಯ ಮೇಲೆ ಕೂತಾಗ ಅದು ಓಡಿ ಬಂದು ಅವರ ಅಂಗೈ ನೆಕ್ಕಿತು. ಬೆವರಿನ ಉಪ್ಪಿಗೆ ಬಂದಿರಬೇಕು. ಸಂಜೆಯಷ್ಟರಲ್ಲಿ ಬಾಯಲ್ಲಿ ನೊರೆ ಬಂದು ಸತ್ತಿತು. ಓಣಿಯವರು ಚಾಷ್ಟಿ ಮಾಡಿದರು, ಮಲ್ಲಯ್ಯನಿಗೆ ಪಂಪು ಯಾಕೆ, ಸುಮ್ಮನೆ ಹತ್ತಿಗಿಡ ಸವರಿಕೊಂಡು ಹೋದರೆ ಸಾಕು ಎಂದು. ಎಲ್ಲರೂ ನಕ್ಕರು, ಅವರೂ ನಕ್ಕರು. ಅವತ್ತಿನಿಂದ ಯಾವ ಕೂಸನ್ನೂ ಮುಟ್ಟಲಿಲ್ಲ. ಆಮೇಲೆ ದೇವದುರ್ಗದ ಹತ್ತಿರ ಒಂದು ಹೊಲದ ಬದುವಿನ ಮೇಲೆ ತಲೆ ತಿರುಗಿ ಬಿದ್ದರು, ಡಾಕ್ಟರು ಬೈದರು, ಕಸುಬು ನಿಂತಿತು. ಕೈ ತೊಳೆಯುವುದು ನಿಲ್ಲಲಿಲ್ಲ. ಹುಣಸೆಹಣ್ಣು, ಬೂದಿ, ಸೋಪು ಏನು ಸಿಕ್ಕರೆ ಅದರಿಂದ ತಿಕ್ಕುತ್ತಿದ್ದರು.

‘ಎಣ್ಣಿ ಬಿಟ್ಟು ಎಷ್ಟು ವರ್ಷ ಆತು. ಇನ್ನೂ ಕೈಯಾಗ ಕುಂತದ ಅಂತಾನ’ ಅಂದರು ಅತ್ತೆ. ‘ನನ್ನ ಮಾತು ಕೇಳಂಗಿಲ್ಲ. ನೀನರೆ ಹೇಳು, ಓದಿದಾಕಿ.’

ಹೇಳಿದೆ. ಆನಂದ ದೇವದುರ್ಗದ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವವರು, ಅವರೂ ಹೇಳಿದರು, ಚರ್ಮ ಹಳೆಯದು ಹೋಗಿ ಹೊಸದು ಬರುತ್ತದೆ, ಅಷ್ಟು ವರ್ಷ ಏನೂ ಉಳಿಯುವುದಿಲ್ಲ ಎಂದು. ಮಾವ ಎಲ್ಲದಕ್ಕೂ ಹೂಂ ಅನ್ನುತ್ತಿದ್ದರು. ಹೂಂ ಅಂದು ಕೈ ಹಿಂದೆ ಕಟ್ಟಿಕೊಳ್ಳುತ್ತಿದ್ದರು.

ಮೈತ್ರಿಗೆ ನಡಿಗೆ ಬಂದ ಮೇಲೆ ರಾಯಚೂರಿನಲ್ಲಿ ಆಶಾಪುರ ರಸ್ತೆಯ ಕಡೆ ಒಂದು ಬಾಡಿಗೆ ಮನೆ ಹಿಡಿದೆವು. ಸಮೀಪದ ಶಾಲೆಯಲ್ಲಿ ನನಗೆ ಕೆಲಸ, ಆನಂದ ಬಸ್ಸಿನಲ್ಲಿ ದೇವದುರ್ಗಕ್ಕೆ ಹೋಗಿ ಬರುತ್ತಾರೆ. ಅತ್ತೆ ಮಾವ ಮಲ್ಲಟದಿಂದ ಬಂದರು. ಸಾಮಾನಿನ ಜೊತೆ ಗೋಣಿಚೀಲದಲ್ಲಿ ಸುತ್ತಿದ ಒಂದು ಗಂಟು ಬಂತು. ಬಿಚ್ಚಿದರೆ ಮಾವನ ಬೆನ್ನಿಗೆ ಹಾಕುವ ಪಂಪು. ಇದನ್ನೇಕೆ ಹೊತ್ತು ತಂದೆ ಎಂದು ಅತ್ತೆ ದಾರಿಯುದ್ದಕ್ಕೂ ಜಗಳ ಮಾಡಿದ್ದರಂತೆ. ಸೋಡಾ ಹಾಕಿ ತೊಳೆದಿದ್ದೇನೆ, ಹುಣಸೆಹಣ್ಣು ಹಾಕಿ ತೊಳೆದಿದ್ದೇನೆ, ಹೊಸದರಂತಿದೆ, ಸುಮ್ಮನೆ ಯಾಕೆ ಎಸೆಯುವುದು ಎಂದು ಮಾವನ ವಾದ. ಹೌದಲ್ಲ ಎಂದು ನಾವೂ ಸುಮ್ಮನಾದೆವು.

ಮನೆಯ ಹಿಂದೆ ಕಾಂಪೌಂಡಿಗೆ ಹತ್ತಿ ಒಂದಿಷ್ಟು ಮಣ್ಣಿನ ಜಾಗ ಇತ್ತು. ಮಳೆಗಾಲದ ಶುರುವಿಗೆ ತಳ್ಳುಗಾಡಿಯಲ್ಲಿ ಗಿಡ ಮಾರುವ ಅಲ್ಲಾಬಕ್ಷ್ ನಮ್ಮ ಓಣಿಗೆ ಬಂದ. ಅವನ ಗಾಡಿಯಲ್ಲಿ ಉದ್ದನೆಯ ನೇರಳೆ ತೆನೆಯಂಥ ಹೂವಿನ ಒಂದು ಗಿಡ. ಅದರ ಮೇಲೆ ಒಂದು ಹಳದಿ ಚಿಟ್ಟೆ ಕೂತೇ ಇತ್ತು, ಗಾಡಿ ಅಲುಗಾಡಿದರೂ ಏಳದೆ. ಮೈತ್ರಿ ಗಾಡಿಯ ಚಕ್ರ ಹಿಡಿದು ನಿಂತಳು, ಬಿಡಿಸಲು ಬರಲಿಲ್ಲ.

ಪಾತರಗಿತ್ತಿ ಗಿಡ ಅಂದ ಅವನು. ರಾಯಚೂರಿನ ಬಿಸಿಲಿಗೆ ತಡೆಯುತ್ತದೇನು ಎಂದು ಕೇಳಿದೆ. ಮಧ್ಯಾಹ್ನದ ಬಿಸಿಲು ಬೀಳದ ಹಾಗೆ ಗೋಡೆಯ ನೆರಳಿಗೆ ಹಚ್ಚಬೇಕು, ಬೇರಿನಲ್ಲಿ ನೀರು ನಿಲ್ಲಬಾರದು, ಬಾಡಿದ ತೆನೆ ಕತ್ತರಿಸುತ್ತಾ ಹೋದರೆ ಹೊಸದು ಬರುತ್ತಲೇ ಇರುತ್ತದೆ ಎಂದು ಹೇಳಿ, ಪಕ್ಕದ ನಿಂಬೆ ಸಸಿಯನ್ನೂ ಎತ್ತಿ ಕೊಟ್ಟ.

‘ಇದು ಅವುಕ್ಕ ಊಟದ ಮನಿ ಟೀಚರಮ್ಮ. ತತ್ತಿ ಇಡಾಕ, ಮರಿ ಮಾಡಾಕ ನಿಂಬಿನೇ ಬೇಕು. ಎರಡೂ ಮಗ್ಗಲ ಮಗ್ಗಲ ಹಚ್ರಿ.’

ಮಾವ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ‘ಜಲ್ಮೆಲ್ಲಾ ಹುಳ ಕೊಂದು ಹೊಟ್ಟಿ ತುಂಬಿಸೀನಿ’ ಅಂದರು ಅವನಿಗೆ. ‘ನನ್ನ ಸೊಸಿ ಹುಳ ಸಾಕಾಕ ಗಿಡ ತಗೊಳ್ಳಾಕತ್ತಾಳ ನೋಡಪ್ಪಾ.’

ಆದರೆ ಕುಣಿ ತೋಡಿದ್ದು ಅವರೇ. ಬಿರುಸು ಮಣ್ಣಿಗೆ ಮರಳು ಬೆರೆಸಿದ್ದು, ಎಲೆಗೊಬ್ಬರ ಹಾಕಿದ್ದು, ತೊಟ್ಟಿಲಿನ ಹಳೆಯ ಸೀರೆ ಹರಿದು ಕೋಲಿಗೆ ಕಟ್ಟಿದ್ದು ಎಲ್ಲ ಅವರೇ. ಬೆಳಗ್ಗೆ ನಾನು ರೊಟ್ಟಿ ಬಡಿಯುವ ಹೊತ್ತಿಗೆ ಪಂಪಿನಲ್ಲಿ ನೀರು ತುಂಬಿ ಬೆನ್ನಿಗೇರಿಸಿ ಎರಡೂ ಗಿಡಗಳ ಎಲೆಯ ಧೂಳು ಹೋಗುವಂತೆ ಹೊಡೆಯುತ್ತಿದ್ದರು. ಆ ಹೊತ್ತಿನಲ್ಲಿ ಮಾತ್ರ ಅವರ ಕೈಗಳು ಬೆನ್ನ ಹಿಂದೆ ಇರುತ್ತಿರಲಿಲ್ಲ. ಒಂದು ಹಿಡಿಕೆಯ ಮೇಲೆ, ಒಂದು ಕೊಳವೆಯ ಮೇಲೆ, ಎಷ್ಟು ಹಗುರ, ಎಷ್ಟು ಸಲೀಸು. ಗಿಡ ಗೋಡೆಯೆತ್ತರಕ್ಕೆ ಬಂತು. ಬಿಸಿಲೇರಿ ಎಲೆ ಒಣಗಿದ ಮೇಲೆ ಚಿಟ್ಟೆಗಳು ಬರತೊಡಗಿದವು. ಮೈತ್ರಿ ಒಂದು ಕಡೆ, ಮಾವ ಒಂದು ಕಡೆ, ನಡುವೆ ಗಿಡ. ಅವಳು ಹತ್ತಿರ ಹೋದರೆ ಅವರು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಅವಳು ಅದನ್ನು ಆಟ ಅಂದುಕೊಂಡು, ಮುತ್ಯಾ ಮುತ್ಯಾ ಎನ್ನುತ್ತ ಅಜ್ಜನನ್ನು ಗಿಡ ಸುತ್ತಿ ಸುತ್ತಿ ಅಟ್ಟಿಸಿಕೊಂಡು ಹೋಗುತ್ತಿದ್ದಳು. ನೋಡುವವರಿಗೆ ನಗು ಬರಬೇಕು, ನನಗೆ ಬರುತ್ತಿರಲಿಲ್ಲ.

ನಿಂಬೆಯ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂಥ ಕಪ್ಪು ಬಿಳಿ ಚೂರುಗಳನ್ನು ಮೊದಲು ಕಂಡವರು ಮಾವ. ನಾನಾಗಿದ್ದರೆ ಹಿಕ್ಕೆಯೆಂದೇ ಚಿಮ್ಮಿಬಿಡುತ್ತಿದ್ದೆ. ಅವರು ಬಗ್ಗಿ, ಉಸಿರು ಬಿಗಿಹಿಡಿದು, ಮರಿಹುಳ ಅಂದರು. ಹೆಬ್ಬೆರಳು ತನ್ನಷ್ಟಕ್ಕೆ ಎದ್ದು ಉಗುರಿನಲ್ಲಿ ಒತ್ತಲು ಹೋಗಿತ್ತು, ಅದನ್ನು ತಾವೇ ನೋಡಿ ಹಿಂದಕ್ಕೆ ಎಳೆದುಕೊಂಡರು. ಆಮೇಲೆ ಬಹಳ ಹೊತ್ತು ಅಲ್ಲೇ ಕುಕ್ಕುರುಗಾಲಲ್ಲಿ ಕೂತಿದ್ದರು. ನಾನು ಬಟ್ಟೆ ಒಣಹಾಕುತ್ತಿದ್ದೆ.

‘ಉಮಾ, ಈ ಗಿಡಕ್ಕ ದಿನಾ ನನ್ನ ಕೈ ಹತ್ತತದ’ ಅಂದರು. ‘ಇದನ್ನ ತಿಂದು ಈ ಹುಳ ಬದುಕಿ ಪಾತರಗಿತ್ತಿ ಆಯ್ತಂದ್ರ...’

‘ಆಯ್ತಂದ್ರ ಏನ್ರೀ ಮಾವ?’

ಅವರು ಮೈತ್ರಿಯ ಕಡೆ ನೋಡಿದರು. ‘ನೀವು ನನ್ನ ಸಮಾಧಾನಕ್ಕ ಹೇಳ್ತೀರಿ. ಹುಳಕ್ಕ ಸುಳ್ಳು ಹೇಳಾಕ ಬರಂಗಿಲ್ಲ ಯವ್ವಾ.’

ನನ್ನ ಕೈಯಲ್ಲಿದ್ದ ಮೈತ್ರಿಯ ಲಂಗೋಟಿ ಹಾಗೇ ಉಳಿಯಿತು. ಎಲ್ಲ ಈಗ ಆ ಹಿಕ್ಕೆಯಂಥ ಚೂರುಗಳ ಮೇಲೆ ನಿಂತಿತ್ತು. ಅತ್ತೆಗೆ ಹೇಳಿದೆ. ಅವರು ಹುಳಕ್ಕೂ ಕೇಳಿಸುವಂತೆ, ಚೆನ್ನಾಗಿ ತಿನ್ನು ತಾಯಿ ಅಂದರು.

ಆಮೇಲೆ ನಾಲ್ಕಾರು ದಿನ ಬಿಡದೆ ಮಳೆ ಬಂದು ಪಂಪಿಗೆ ಕೆಲಸವಿರಲಿಲ್ಲ. ಹುಳಗಳು ಬೆರಳಿನ ಉಗುರಿನಷ್ಟಾಗುವ ಹೊತ್ತಿಗೆ ಬಿಸಿಲು ಬಿತ್ತು, ಮಾವ ಮತ್ತೆ ನೀರು ಹೊಡೆದರು, ಮರುದಿನ ಬೆಳಗ್ಗೆ ಚಹಾಕ್ಕೆ ಬರಲಿಲ್ಲ. ಹೋಗಿ ನೋಡಿದರೆ ನಿಂಬೆಯ ಮುಂದೆ ನಿಂತಿದ್ದಾರೆ. ಹುಳಗಳು ಹಿಂಗಾಲಲ್ಲಿ ಎಲೆ ಕಚ್ಚಿಕೊಂಡು ತಲೆಕೆಳಗಾಗಿ ಜೋತುಬಿದ್ದಿದ್ದವು, ಕಪ್ಪಾಗಿ, ನೀರಾಗಿ. ಕೆಲವು ಕೆಳಗೆ ಬಿದ್ದಿದ್ದವು. ಹಕ್ಕಿ ಕುಕ್ಕಿರಬೇಕು, ಮಳೆಗೆ ಸತ್ತಿರಬೇಕು ಎಂದು ನಾನು ಬಾಯಿಗೆ ಬಂದದ್ದು ಹೇಳಿದೆ.

‘ಎಣ್ಣಿ ಬಿದ್ದ ಹುಳ ಹಿಂಗೇ ಜೋತು ಬೀಳ್ತದ’ ಅಂದರು. ‘ನನಗ ಗೊತ್ತಿಲ್ಲೇನು.’

ನಳದ ಕೆಳಗೆ ಕೈ ಹಿಡಿದು ಬಹಳ ಹೊತ್ತು ನಿಂತರು. ಆಮೇಲೆ, ಆನಂದನಿಗೆ ರಜೆ ಇದ್ದ ದಿನ ತಮ್ಮನ್ನು ಮಲ್ಲಟಕ್ಕೆ ಬಿಟ್ಟು ಬರಲಿ ಎಂದರು. ಕೂಸು ಈಗ ಓಡುತ್ತದೆ, ಹಿಂದಿನಿಂದ ಬಂದು ಯಾವತ್ತಾದರೂ ಕೈ ಹಿಡಿದೇ ಹಿಡಿಯುತ್ತದೆ, ಒಂದೇ ಮನೆಯಲ್ಲಿ ಎಷ್ಟು ದಿನ ತಪ್ಪಿಸಿಕೊಳ್ಳಲಿ ಎಂದು ಅವರ ಲೆಕ್ಕ. ಅತ್ತೆ ಪಾತ್ರೆ ಕುಕ್ಕಿದರು. ಹೋಗುವವರು ಒಬ್ಬರೇ ಹೋಗಲಿ, ನಾನು ಮೊಮ್ಮಗಳನ್ನು ಬಿಟ್ಟು ಬರುವುದಿಲ್ಲ ಅಂದರು. ಆದರೆ ಅವರು ತಮ್ಮ ಸೀರೆಯನ್ನೂ ಗಂಟಿಗೆ ಸೇರಿಸುತ್ತಿದ್ದುದನ್ನು ನಾನು ನೋಡಿದೆ.

ಆ ದಿನಗಳಲ್ಲಿ ಮಾವ ಹಿತ್ತಲಿಗೆ ಕಾಲಿಡಲಿಲ್ಲ. ಮುಂದಿನ ಮೆಟ್ಟಿಲ ಮೇಲೆ ಕೂತು ಓಣಿ ನೋಡುತ್ತಿದ್ದರು. ಗಿಡಕ್ಕೆ ನಾನೇ ನೀರು ಹಾಕತೊಡಗಿದೆ. ನಿಂಬೆಯ ತುದಿಯಲ್ಲಿ ಹೊಸ ಚಿಗುರಿನ ಮೇಲೆ ಇನ್ನೆರಡು ಮರಿಹುಳ ಎದ್ದಿದ್ದವು. ಮಾವ ಹಿತ್ತಲು ಬಿಟ್ಟ ಮೇಲೆ ತತ್ತಿಯೊಡೆದು ಬಂದವು. ಅವರಿಗೆ ಹೇಳಲಿಲ್ಲ, ಮತ್ತೆ ಆಸೆ ಹಚ್ಚಿ ಕೆಡಿಸುವುದು ಬೇಡವೆಂದು. ಶುರುವಿನಲ್ಲಿ ಚೊಂಬಿನಲ್ಲಿ ಬುಡಕ್ಕೆ ಹಾಕಿದೆ. ಆಮೇಲೊಂದು ಬೆಳಗ್ಗೆ ಮೈತ್ರಿ ಸೊಂಟ ಬಿಟ್ಟು ಇಳಿಯಲೊಲ್ಲಳು, ಶಾಲೆಗೆ ಹೊತ್ತಾಗಿತ್ತು, ಎಲೆಯ ಮೇಲೆ ಧೂಳು ಕೂತಿತ್ತು. ಗೋಡೆಗೆ ಆನಿಸಿದ್ದ ಪಂಪಿಗೆ ನೀರು ಸುರಿದು, ಹಿಡಿಕೆ ಒತ್ತಿ ಗಾಳಿ ತುಂಬಿ, ಒಂದು ಕೈಯಲ್ಲಿ ಅವಳನ್ನು ಹಿಡಿದು ಇನ್ನೊಂದು ಕೈಯಲ್ಲಿ ಹೊಡೆದು ಹೋದೆ.

ಮಧ್ಯಾಹ್ನ ಬಂದು ನೋಡಿದರೆ ಎರಡೂ ಜೋತುಬಿದ್ದಿವೆ. ಅದೇ ಥರ, ಹಿಂಗಾಲಲ್ಲಿ, ತಲೆಕೆಳಗಾಗಿ.

ಮೊದಲು ಅಳು ಬಂತು. ಆಮೇಲೆ ತಲೆಯಲ್ಲಿ ಒಂದೊಂದೇ ಕೂಡಿಕೊಂಡಿತು. ಇವನ್ನು ಮಾವ ಮುಟ್ಟಿಲ್ಲ. ಈ ಚಿಗುರನ್ನೇ ಅವರು ನೋಡಿಲ್ಲ. ಚೊಂಬಿನಿಂದ ಬುಡಕ್ಕೆ ನೀರು ಹಾಕಿದಷ್ಟು ದಿನ ಇವು ಬದುಕಿದ್ದವು. ಅಷ್ಟು ಹೂವಿದ್ದರೂ ಈ ಗಿಡಗಳ ಮೇಲೆ ಒಂದು ಇರುವೆಯನ್ನೂ ನಾನು ಕಂಡಿರಲಿಲ್ಲ. ಪಂಪಿನ ಮುಚ್ಚಳ ತೆಗೆದು ಮೂಗು ಹತ್ತಿರ ಒಯ್ದೆ. ಬಿಸಿಲಿಗೆ ಕಾದ ಅದರ ಹೊಟ್ಟೆಯಿಂದ ಆ ವಾಸನೆ ಬಂತು, ಸಣ್ಣವಳಿದ್ದಾಗ ಗಿಲ್ಲೆಸುಗೂರಿನ ಹತ್ತಿ ಹೊಲಗಳ ಪಕ್ಕ ಹಾದು ಹೋಗುವಾಗ ಅವ್ವ ನನ್ನ ಮೂಗಿಗೆ ಸೆರಗು ಒತ್ತುತ್ತಿದ್ದ ವಾಸನೆ.

ಮೈತ್ರಿಯ ಕೈ ಮುಖ ಸೋಪು ಹಚ್ಚಿ ತೊಳೆದೆ, ಅಂಗಿ ಬದಲಿಸಿದೆ, ನಾನೂ ತೊಳೆದುಕೊಂಡೆ, ಅವಳನ್ನು ಅತ್ತೆಯ ಹತ್ತಿರ ಒಳಗೆ ಬಿಟ್ಟೆ. ಆಮೇಲೆ ಮಾವನನ್ನು ಹಿತ್ತಲಿಗೆ ಕರೆದೆ. ಬರಲು ಮನಸ್ಸಿರಲಿಲ್ಲ, ಆದರೆ ನನ್ನ ಮುಖ ನೋಡಿ ಬಂದರು.

‘ಮಾವ, ಈ ಎರಡು ಹುಳ ನೀವು ಮುಟ್ಟೀರೇನು?’

‘ಇಲ್ಲ. ನಾ ಇತ್ತ ಬಂದೇ ಇಲ್ಲ.’

‘ಇವತ್ತ ನೀರು ಹೊಡದಾಕಿ ನಾನು. ಸತ್ತಾವ. ಹಂಗಾದ್ರ ನನ್ನ ಕೈಯಾಗೂ ವಿಷ ಅದ. ನಾನೂ ಮೈತ್ರಿನ ಮುಟ್ಟಬಾರದು ಹೌದಲ್ರೀ?’

ಅವರು ನನ್ನನ್ನು ನೋಡಿದರು, ಹುಳಗಳನ್ನು ನೋಡಿದರು, ಪಂಪನ್ನು ನೋಡಿದರು. ಕೂತು ಅದರ ಮುಚ್ಚಳ ಬಿಚ್ಚಿದರು. ಮುಚ್ಚಳದ ಒಳಗಿನ ರಬ್ಬರಿನ ಬಳೆಯನ್ನು ಉಗುರಿನಿಂದ ಎಬ್ಬಿಸಿ ಬಾಗಿಸಿದರು. ಅದರ ಬಿರುಕುಗಳಲ್ಲಿ ಬೆಳ್ಳಗೆ ಏನೋ ಕೂತಿತ್ತು. ಕೊಳವೆಯ ಒಳಗೂ ಅದೇ. ಮೂಸಿದರು. ಮುಖದ ಮೇಲೆ ಬಂದದ್ದು ಹೆದರಿಕೆಯೋ ನಗುವೋ ನನಗೆ ತಿಳಿಯಲಿಲ್ಲ.

ಅತ್ತೆ ಕಿಟಕಿಯಿಂದ ಎಲ್ಲ ಕೇಳಿಸಿಕೊಂಡಿದ್ದರು. ‘ಕೈ ತಿಕ್ಕಿ ತಿಕ್ಕಿ ಚರ್ಮ ಸವಿಸಿದಿ’ ಅಂದರು. ‘ಆ ರಬ್ಬರ್ ಒಂದಿನ ತಿಕ್ಕಲಿಲ್ಲ ನೋಡು.’

ಇನ್ನೇನು ಎತ್ತಿಕೊಳ್ಳುತ್ತಾರೆ ಎಂದು ನಾನು ಒಳಗೆ ಓಡಿ ಮೈತ್ರಿಯನ್ನು ತಂದೆ. ಮಾವ ಎದ್ದು ಕೈ ಹಿಂದೆ ಕಟ್ಟಿಕೊಂಡರು.

‘ಪಂಪು ಕೆಟ್ಟದ್ದು ಅಂತ ಗೊತ್ತಾತು ಯವ್ವಾ. ಕೈ ಚೊಲೋ ಅದ ಅಂತ ಇನ್ನೂ ಗೊತ್ತಾಗಿಲ್ಲ.’

ಸಿಟ್ಟು ಬಂತು. ಆದರೆ ಅವರ ಮಾತಿನಲ್ಲಿ ತಪ್ಪು ಹುಡುಕಲು ಆಗಲಿಲ್ಲ. ಹೊಡೆದ ಮರುದಿನ ಎಲೆ ತಿರುವಿ ನೋಡದೆ ಕೆಲಸ ಆಯಿತೆಂದು ಒಪ್ಪುವ ಮನುಷ್ಯ ಅವರಲ್ಲ. ಮಲ್ಲಟಕ್ಕೆ ಹೋಗುವ ಮಾತು ಮಾತ್ರ ಮತ್ತೆ ಎತ್ತಲಿಲ್ಲ. ಊರಿಗೆ ಕಟ್ಟಿದ್ದ ಗಂಟು ಬಿಚ್ಚುವಾಗ ಅತ್ತೆ ಮಾವನ ಪಂಚೆಯನ್ನೇ ಮೊದಲು ತೆಗೆದು ಹಗ್ಗಕ್ಕೆ ಹಾಕಿದರು.

ಪಂಪಿನ ಮೂತಿಯನ್ನು ಮಾವ ತಾವೇ ಕಲ್ಲಿನಿಂದ ಜಜ್ಜಿದರು, ಯಾರೂ ಎತ್ತಿಕೊಂಡು ಹೋಗಿ ಮತ್ತೆ ನೀರು ತುಂಬಬಾರದೆಂದು. ಗೋಣಿಚೀಲದಲ್ಲಿ ಕಟ್ಟಿ, ಕಸದ ಗಾಡಿಯವನಿಗೆ ಇದರಲ್ಲಿ ವಿಷವಿತ್ತು ಎಂದು ಹೇಳಿ ಬೇರೆಯಾಗಿ ಕೊಟ್ಟರು. ಗಾಡಿ ತಿರುವಿನಲ್ಲಿ ಮರೆಯಾಗುವ ತನಕ ನಿಂತಿದ್ದರು. ಅರ್ಧ ಆಯುಷ್ಯ ಬೆನ್ನ ಮೇಲಿದ್ದ ಸಾಮಾನು ಅದು. ಆಮೇಲೆ ಹಳೆಯ ನಿಂಬೆ ಕಿತ್ತು, ಮೇಲ್ಮಣ್ಣು ತೆಗೆದು, ಅಲ್ಲಾಬಕ್ಷ್ ಕೊಟ್ಟ ಹೊಸ ನಿಂಬೆ ಹಚ್ಚಿದೆವು. ಪಾತರಗಿತ್ತಿ ಗಿಡವನ್ನು ಅರ್ಧಕ್ಕೆ ಕತ್ತರಿಸಿದರು. ಸತ್ತೇಹೋಯಿತು ಅಂದುಕೊಂಡಿದ್ದೆ. ಮಳೆ ಹಿಡಿದುಕೊಂಡಿತು, ಬುಡದಿಂದ ಬೂದುಹಸಿರು ಚಿಗುರು ಒಡೆದು ಮೊದಲಿಗಿಂತ ದಟ್ಟವಾಗಿ ಬಂತು, ತುದಿ ತುದಿಗೆ ನೇರಳೆ ತೆನೆ.

ಈಗ ನೀರು ಚೊಂಬಿನಲ್ಲಿ. ಮಾವ ನಿಂಬೆಯ ಒಂದೊಂದು ಎಲೆಯನ್ನೂ ಬರಿಗೈಯಲ್ಲಿ ಒರೆಸುತ್ತಿದ್ದರು, ಬೇಕೆಂದೇ. ಅಂಗೈ ತುಂಬ ಸವರುತ್ತಿದ್ದರು. ಇರುವೆ ಬಂದವು. ಇರುವೆ ಕಂಡು ಒಬ್ಬ ಮನುಷ್ಯ ಅಷ್ಟು ಖುಷಿಪಟ್ಟದ್ದನ್ನು ನಾನು ನೋಡಿಲ್ಲ. ನಂತರ ಹುಳ ಬಂದವು. ಹಿಕ್ಕೆಯಂತಿದ್ದವು ಪೊರೆ ಬಿಟ್ಟು ಹಸಿರಾದವು. ಒಂದು ದಿನ ಮಾವ ಬೆರಳಿನಿಂದ ಒಂದರ ಬೆನ್ನು ಮುಟ್ಟಿದರು. ಅದು ತಲೆಯೆತ್ತಿ ಕುತ್ತಿಗೆಯಿಂದ ಕೆಂಪು ಕಿತ್ತಳೆ ಬಣ್ಣದ ಎರಡು ಕೋಡು ಹೊರಗೆ ಚಾಚಿತು.

‘ನನಗ ಹೆದರಸ್ತದ ನೋಡು ಇದು’ ಎಂದು ನಕ್ಕರು. ಮೈತ್ರಿ ಗಿಡದ ಆ ಕಡೆ ನಿಂತು ತನ್ನ ತಲೆಗೂ ಎರಡು ಬೆರಳು ಇಟ್ಟುಕೊಂಡಳು.

ಹುಳಗಳಲ್ಲಿ ಎಷ್ಟೋ ಹಕ್ಕಿಯ ಪಾಲಾದವು. ಉಳಿದ ಒಂದು ದಪ್ಪನೆಯದು ಒಂದು ದಿನ ನಿಂಬೆ ಬಿಟ್ಟು ಇಳಿದು, ಪಕ್ಕದ ಪಾತರಗಿತ್ತಿ ಗಿಡ ಹತ್ತಿ, ಮೇಲಿನ ಕೊಂಬೆಗೆ ನಡುವಿಗೊಂದು ನೂಲು ಕಟ್ಟಿಕೊಂಡು ಕೋಶವಾಗಿ ಕೂತಿತು. ಮಾವ ಅದರ ಕೆಳಗೆ ಗೂಟ ಹೊಡೆದ ಹಾಗೆ ಕುರ್ಚಿ ಹಾಕಿಕೊಂಡು ಕೂತರು. ಊಟ ಅಲ್ಲಿ, ಚಹಾ ಅಲ್ಲಿ. ಹಕ್ಕಿ ಬಂದರೆ ಟವೆಲ್ ಬೀಸುವುದು. ಹೆರಿಗೆ ಕೋಣೆಯ ಮುಂದೆಯೂ ಇವರು ಹಿಂಗ ಕೂತಿರಲಿಲ್ಲ ಎಂದು ಅತ್ತೆ ಆನಂದನಿಗೆ ಹೇಳಿದರು. ಆನಂದ ತಮ್ಮ ಅಪ್ಪನನ್ನು ನೋಡಿ ಇನ್ನೊಂದು ಕುರ್ಚಿ ತಂದು ಪಕ್ಕದಲ್ಲಿ ಕೂತರು.

ಒಂದು ಭಾನುವಾರ ಬೆಳಗ್ಗೆ ಕೋಶ ಕಪ್ಪಾಗಿತ್ತು. ಸತ್ತಿತೇನೋ ಅಂದುಕೊಂಡೆ. ಮಾವ ಕುರ್ಚಿಯಿಂದ ಎದ್ದು ಹತ್ತಿರ ಹೋಗಿ ನಿಂತರು. ಸೂರ್ಯ ಕಾಂಪೌಂಡು ದಾಟಿ ಬರುವಷ್ಟರಲ್ಲಿ ಅದು ತಲೆಯ ಹತ್ತಿರ ಸೀಳಿತು. ಮುದುಡಿದ, ಒದ್ದೆಯಾದ ಏನೋ ಒಂದು ಕಾಲು ಹಚ್ಚಿ ಹೊರಗೆ ಬಂತು. ಕೊಂಬೆಗೆ ಜೋತುಬಿದ್ದಿತು, ಆದರೆ ಈ ಸಲ ಕಾಲುಗಳು ಅಲುಗುತ್ತಿದ್ದವು. ಮೆಲ್ಲಗೆ ರೆಕ್ಕೆ ಇಳಿಬಿಟ್ಟಿತು. ಕಪ್ಪು, ಅದರ ತುಂಬ ತಿಳಿಹಳದಿ ಮಚ್ಚೆ, ಕೆಳಗೊಂದು ಕೆಂಪು ಬೊಟ್ಟು.

ಎಲ್ಲರೂ ಮೇಲೆ ನೋಡುತ್ತಿದ್ದೆವು. ಮೈತ್ರಿಗೆ ಎಲೆಯ ಹಿಂಬದಿ ಬಿಟ್ಟು ಏನೂ ಕಾಣುತ್ತಿರಲಿಲ್ಲ. ಅವಳು ನನ್ನ ಹತ್ತಿರ ಬರಲಿಲ್ಲ, ಅವಳಪ್ಪನ ಹತ್ತಿರವೂ ಹೋಗಲಿಲ್ಲ. ಎಲ್ಲರಿಗಿಂತ ಹತ್ತಿರ ನಿಂತಿದ್ದ ಮುತ್ಯಾನ ಹಿಂದೆ ಹೋಗಿ, ಬೆನ್ನ ಹಿಂದೆ ಹೆಣೆದುಕೊಂಡಿದ್ದ ಆ ಕೈಗಳನ್ನು ಎರಡೂ ಕೈಯಿಂದ ಹಿಡಿದು ಎಳೆದಳು.

‘ಮುತ್ಯಾ, ನನಗ ಕಾಣವಲ್ದು. ಎತ್ಕೋ.’

ಮಾವ ಕೈ ಎಳೆದುಕೊಳ್ಳಲಿಲ್ಲ. ಕೈಗಳನ್ನು ಮುಂದೆ ತಂದು ನೋಡಿಕೊಂಡರು, ಅಂಗೈ ಒಮ್ಮೆ, ಮುಂಗೈ ಒಮ್ಮೆ, ಹೊಲದಲ್ಲಿ ಎಲೆ ತಿರುವಿ ನೋಡುತ್ತಿದ್ದ ಹಾಗೆಯೇ. ಕೊಂಬೆಯ ಮೇಲಿನ ಚಿಟ್ಟೆ ರೆಕ್ಕೆ ಬಿಚ್ಚಿ ಮುಚ್ಚಿತು. ಅವರು ಬಗ್ಗಿ ಅವಳ ಕಂಕುಳಲ್ಲಿ ಕೈ ಹಾಕಿ ಎತ್ತಿದರು. ರೂಢಿ ಇಲ್ಲ, ಹಾಲು ತುಂಬಿದ ಪಾತ್ರೆ ಎತ್ತಿದಂತೆ ಮೈಯಿಂದ ದೂರ ಹಿಡಿದಿದ್ದರು. ಅವಳೇ ಜಗ್ಗಿಕೊಂಡು ಹೋಗಿ ಅವರ ಕುತ್ತಿಗೆಗೆ ಕೈ ಹಾಕಿ ಸರಿಯಾಗಿ ಕೂತಳು.

ಚಿಟ್ಟೆ ನೇರಳೆ ತೆನೆಯ ಮೇಲೊಂದು ಸುತ್ತು ಹಾಕಿ ಗೋಡೆ ದಾಟಿ ಹೋಯಿತು. ಅವಳು ಇಳಿಯಲಿಲ್ಲ. ಇನ್ನೊಂದು ಬರುವ ತನಕ ಇಲ್ಲೇ ಇರುವವಳಂತೆ ಮುತ್ಯಾನ ಕಿವಿ ಹಿಡಿದುಕೊಂಡಿದ್ದಳು. ಮಾವನ ತೋಳು ಸೋತು ಇಳಿಯುತ್ತಿತ್ತು. ಆನಂದ ಕೈ ಚಾಚಿದರು, ಮಾವ ಕೊಡಲಿಲ್ಲ.

‘ಪಂಪಿಗಿಂತ ಭಾರ ಅದಾಳಲ್ಲೇ ಇಕಿ’ ಅಂದರು.

ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಚಹಾಕ್ಕೆ ಒಳಗೆ ಹೊರಟಿದ್ದವರು ಬಾಗಿಲಲ್ಲಿ ನಿಂತರು. ‘ಹುಟ್ಟಿದಾಗೇ ಎತ್ಕೊಂಡಿದ್ರ ಹಗುರಿದ್ಲು. ಈಗ ಹೊರು.’